ಬೀಗದ ಕೈ ಕಳೆದ ಮೇಲೆ

ಬೀಗವನ್ನು ಅದರ ಕೈಯಿಂದಲೇ ತೆರೆಯಬೇಕೆಂಬುದು ಗೃಹಸ್ಥರೆಲ್ಲರ ನಂಬಿಕೆ. ಕೈಯಿಲ್ಲದೆ ತೆರೆಯುವವನು ಕಳ್ಳನು. ಅಲ್ಲದಿದ್ದರೆ ಪೇಟೆಯ ಮೂಲೆಯಲ್ಲಿ ತುಕ್ಕುಹಿಡಿದ ಕೈಗಳ ಗೊಂಚಲನ್ನು ಮುಂದಿಟ್ಟುಕೊಂಡು ಕುಳಿತಿರುವ ಬೀಗ ರಿಪೇರಿಯವನು. ಈ ಇಬ್ಬರನ್ನು ಬಿಟ್ಟು ಮೂರನೆಯ ಬಗೆಯ ಮನುಷ್ಯನೊಬ್ಬನು ಉಂಟೆಂದರೆ ಹಲವರು ನಂಬಲಾರರು. ಇವನು ಹೊಟ್ಟೆಪಾಡಿಗಾಗಿ ಬೀಗವನ್ನು ಮುಟ್ಟುವವನಲ್ಲ. ಪರರ ಸೊತ್ತಿನ ಆಸೆಯೂ ಇವನಿಗಿಲ್ಲ. ಸಂಜೆಯ ಬಿಡುವಿನಲ್ಲಿ, ತಾನೇ ದುಡ್ಡು ಕೊಟ್ಟು ತಂದ ಬೀಗವೊಂದನ್ನು ಎದುರಿಗಿಟ್ಟುಕೊಂಡು, ಅದರ ಕೈಯನ್ನು ಬೇಕೆಂದೇ ದೂರವಿರಿಸಿ, ತುದಿ ಬಾಗಿದ ಒಂದು ಕಡ್ಡಿಯಿಂದ ಅದನ್ನು ತೆರೆಯಲು ಗಂಟೆಗಟ್ಟಲೆ ಹೆಣಗುವನು. ತೆರೆದುಕೊಂಡರೆ ನಕ್ಕು, ಮತ್ತೆ ಮುಚ್ಚಿ, ಮೊದಲಿನಿಂದ ಆರಂಭಿಸುವನು. ಚದುರಂಗದ ಮುಂದೆ ಊಟವನ್ನು ಮರೆಯುವವರನ್ನು ಕಂಡು ಯಾರೂ ಬೆರಗಾಗುವುದಿಲ್ಲ. ಬೀಗದ ಮುಂದೆ ಊಟ ಮರೆತವನನ್ನು ಕಂಡರೆ ಮಾತ್ರ ನೆರೆಹೊರೆಯವರು ತಮ್ಮ ಬಾಗಿಲುಗಳ ಕಡೆಗೆ ನೋಡುವರು.

ಕಳವಿಗೂ ಒಂದು ಕಲೆಯುಂಟೆಂಬುದು ಪೂರ್ವಿಕರಿಗೆ ತಿಳಿಯದ ಸಂಗತಿಯೇನಲ್ಲ. ಶೂದ್ರಕನ ಮೃಚ್ಛಕಟಿಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನವಿಕ್ಕುವಾಗ, ಕನ್ನದ ಆಕಾರವು ಹೇಗಿದ್ದರೆ ಚೆನ್ನೆಂದು ಶಿಲ್ಪಿಯಂತೆ ವಿಚಾರಮಾಡುತ್ತಾನೆ. ಅಳತೆಯ ದಾರವನ್ನು ಮರೆತು ಬಂದುದರಿಂದ ಜನಿವಾರದಿಂದಲೇ ಅಳೆಯುತ್ತಾನೆ. ಆ ರಸಿಕತೆಯು ಬೀಗದ ಹವ್ಯಾಸಿಯಲ್ಲಿಯೂ ಇದೆ. ಆದರೆ ಶರ್ವಿಲಕನಿಗೆ ಗೋಡೆಯ ಆಚೆಗಿನ ಒಡವೆ ಬೇಕು. ಹವ್ಯಾಸಿಯ ಬೀಗವಾದರೋ ಯಾವ ಬಾಗಿಲಿಗೂ ಹಾಕಿದುದಲ್ಲ; ಅದರ ಆಚೆಗೆ ಏನೂ ಇರುವುದಿಲ್ಲ.

ಇಂತಹ ಗೀಳು ಮೊದಲು ಹತ್ತುವ ಬಗೆಯು ಹೆಚ್ಚಾಗಿ ಒಂದೇ. ಮನೆಯಲ್ಲಿ ಹಿರಿಯರ ಕಾಲದ ಪೆಟ್ಟಿಗೆಯೊಂದಿರುತ್ತದೆ. ಅದರ ಕೈ ಕಳೆದುಹೋಗಿರುತ್ತದೆ. ದೇವರ ಮನೆಯ ಗೂಡು, ಅಡಿಗೆಯ ಮನೆಯ ಡಬ್ಬಿಗಳು, ಹಳೆಯ ಕೋಟಿನ ಜೇಬು ಎಲ್ಲವನ್ನೂ ಹುಡುಕಿಯಾದ ಮೇಲೆ ರಿಪೇರಿಯವನನ್ನು ಕರೆಯಿಸುವರು. ಅವನು ಬಂದು, ಬೀಗದ ಕಿಂಡಿಯೊಳಗೆ ಒಮ್ಮೆ ಇಣಿಕಿ, ಎರಡು ತಂತಿಗಳನ್ನು ತೂರಿಸಿ, ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಬೀಗವನ್ನು ತೆರೆದುಕೊಟ್ಟು ಕೂಲಿಯನ್ನು ಕೇಳುವನು. ಇಷ್ಟು ಸ್ವಲ್ಪ ಹೊತ್ತಿನ ಕೆಲಸಕ್ಕೆ ಅಷ್ಟು ಹಣವೇ ಎಂದು ಮನೆಯ ಯಜಮಾನರು ಗೊಣಗುವರು. ಬೀಗವು ಗಂಟೆಗಟ್ಟಲೆ ಸತಾಯಿಸಿದ್ದರೆ ಅವರು ಸಂತೋಷದಿಂದ ಹೆಚ್ಚು ಕೊಡುತ್ತಿದ್ದರೇನೋ! ಪೆಟ್ಟಿಗೆಯೊಳಗಿನ ಹಳೆಯ ಪತ್ರಗಳು, ಮಾಸಿದ ಜರತಾರಿಯ ಅಂಚು, ಯಾರದೋ ಜಾತಕ ಇವುಗಳ ಸುತ್ತ ಎಲ್ಲರೂ ನೆರೆದಿರುವಾಗ ಒಬ್ಬ ಹುಡುಗನು ಮಾತ್ರ ಬೀಗವನ್ನೇ ನೋಡುತ್ತ ನಿಂತಿರುವನು. ಇಷ್ಟು ವರ್ಷ ಯಾರಿಗೂ ಬಗ್ಗದ ಈ ಕಬ್ಬಿಣವು ಎರಡು ತಂತಿಗಳಿಗೆ ಏಕೆ ಬಗ್ಗಿತು? ಈ ಪ್ರಶ್ನೆಯು ಹೊಕ್ಕ ತಲೆಗೆ ಆ ರಾತ್ರಿ ನಿದ್ರೆ ಬಾರದು.

ಇದು ಕೀಳು ಜನರ ಕುತೂಹಲವೆಂದು ಮೂಗು ಮುರಿಯಬೇಕಾಗಿಲ್ಲ. ಫ್ರಾನ್ಸಿನ ದೊರೆಯಾಗಿದ್ದ ಹದಿನಾರನೆಯ ಲೂಯಿಗೆ ರಾಜ್ಯಭಾರಕ್ಕಿಂತ ಬೀಗಗಳಲ್ಲಿ ಹೆಚ್ಚು ಆಸಕ್ತಿಯಿದ್ದಿತು. ಗಾಮೇನ್ ಎಂಬ ಕಮ್ಮಾರನನ್ನು ಗುರುವಾಗಿಟ್ಟುಕೊಂಡು ಅರಮನೆಯಲ್ಲಿಯೇ ಕಬ್ಬಿಣದ ಕೆಲಸವನ್ನು ಕಲಿತನು. ಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ದೊರೆಯ ಗುಟ್ಟಿನ ಕಾಗದಗಳಿದ್ದ ಕಬ್ಬಿಣದ ಗೂಡನ್ನು ಸರಕಾರಕ್ಕೆ ತೋರಿಸಿಕೊಟ್ಟವನು ಆ ಗುರುವೇ. ಬೀಗವು ಗಟ್ಟಿಯಾಗಿಯೇ ಇದ್ದಿತು.

ಆ ಹುಡುಗನ ಪ್ರಶ್ನೆಗೆ ಉತ್ತರವು ಬೀಗದೊಳಗಿದೆ. ಈಗಿನ ಮನೆಗಳ ಬಾಗಿಲಿಗೆ ಸಾಮಾನ್ಯವಾಗಿರುವ, ಚಪ್ಪಟೆಯಾದ ಗರಗಸದಂತಹ ಕೈಯುಳ್ಳ ಬೀಗವನ್ನು ಅಮೆರಿಕದ ಕಿರಿಯ ಲೈನಸ್ ಯೇಲ್ ಎಂಬವನು 1861 ಮತ್ತು 1865ರಲ್ಲಿ ಪಡೆದ ಪೇಟೆಂಟುಗಳಿಂದ ರೂಢಿಗೆ ತಂದನು. ಅದರ ತತ್ತ್ವವು ಮಾತ್ರ ಬಹು ಹಳೆಯದು. ಪ್ರಾಚೀನ ಈಜಿಪ್ಟಿನ ಮರದ ಬೀಗಗಳಲ್ಲಿಯೂ, ತಮ್ಮ ಭಾರದಿಂದಲೇ ಕೆಳಗಿಳಿದು ಅಗಣಿಯನ್ನು ಹಿಡಿಯುವ ಗೂಟಗಳಿದ್ದವು. ಯೇಲನ ಬೀಗದಲ್ಲಿ ಹಿತ್ತಾಳೆಯ ಒಡಲೊಳಗೆ ಒಂದು ಉರುಳೆಯಿದೆ. ಉರುಳೆಯು ತಿರುಗಿದರೆ ಬೀಗವು ತೆರೆಯುವುದು. ತಿರುಗದಂತೆ ತಡೆಯುವುದಕ್ಕಾಗಿ ಒಡಲಿನಿಂದ ಉರುಳೆಯೊಳಕ್ಕೆ ಇಳಿಯುವಂತೆ ಸಾಲಾಗಿ ಐದಾರು ರಂಧ್ರಗಳನ್ನು ಕೊರೆದು, ಒಂದೊಂದರಲ್ಲಿಯೂ ಕೆಳಗೊಂದು ಮೇಲೊಂದರಂತೆ ಎರಡೆರಡು ಚಿಕ್ಕ ಮೊಳೆಗಳನ್ನಿರಿಸಿ, ಅವುಗಳ ನೆತ್ತಿಯ ಮೇಲೆ ಒಂದು ಸ್ಪ್ರಿಂಗನ್ನು ಒತ್ತಿಟ್ಟಿರುವರು. ಕೆಳಗಿನ ಮೊಳೆಗಳು ಉದ್ದದಲ್ಲಿ ಒಂದರಂತೆ ಒಂದಿಲ್ಲ. ತಕ್ಕ ಕೈಯನ್ನು ಹಾಕಿದಾಗ ಅದರ ಏರುತಗ್ಗುಗಳು ಪ್ರತಿಯೊಂದು ಜೋಡಿಯನ್ನೂ ಬೇಕಾದಷ್ಟೇ ಎತ್ತಿ, ಎರಡು ಮೊಳೆಗಳು ಕೂಡುವ ಸಂದು ಸರಿಯಾಗಿ ಉರುಳೆಯ ಅಂಚಿಗೆ ಬರುವಂತೆ ಮಾಡುವುವು. ಎಲ್ಲ ಸಂದುಗಳೂ ಒಂದೇ ಗೆರೆಯಲ್ಲಿ ನಿಂತ ಕ್ಷಣ ಉರುಳೆಗೆ ಬಿಡುಗಡೆಯಾಗುವುದು.

ಐದು ಮೊಳೆಗಳನ್ನೂ ಏಕಕಾಲದಲ್ಲಿ ಸರಿಯಾದ ಎತ್ತರಕ್ಕೆ ಹಿಡಿಯಲು ಒಂದು ಕಡ್ಡಿಯಿಂದ ಸಾಧ್ಯವೇ? ಸಾಧ್ಯವಿಲ್ಲ, ಹಾಗೆ ಹಿಡಿಯಬೇಕಾದ ಅಗತ್ಯವೂ ಇಲ್ಲ. ಯಂತ್ರವು ಎಷ್ಟೇ ನಯವಾಗಿ ಕೊರೆದರೂ ರಂಧ್ರಗಳು ಕೂದಲೆಳೆಯಷ್ಟು ಅತ್ತಿತ್ತ ಆಗಿಯೇ ಇರುವುವು. ಆದುದರಿಂದ ಉರುಳೆಯನ್ನು ಒಂದು ಬಾಗಿದ ಪಟ್ಟಿಯಿಂದ ಮೆಲ್ಲಗೆ ತಿರುಚಿ ಹಿಡಿದರೆ, ಐದು ಮೊಳೆಗಳಲ್ಲಿ ಯಾವುದೋ ಒಂದು ಮಾತ್ರ ಮೊದಲು ಬಿಗಿಯಾಗುವುದು. ಉಳಿದವು ಸಡಿಲವಾಗಿಯೇ ಇರುವುವು. ಬಿಗಿಯಾದುದನ್ನು ಕಡ್ಡಿಯಿಂದ ಹುಡುಕಿ ಎತ್ತಿದರೆ, ಸಂದು ಅಂಚಿಗೆ ಬಂದೊಡನೆ ಉರುಳೆಯು ಎಳ್ಳಿನಷ್ಟು ತಿರುಗಿ, ಮೇಲಿನ ಮೊಳೆಯನ್ನು ಮೇಲೆಯೇ ತಡೆದು ನಿಲ್ಲಿಸುವುದು. ಈಗ ಇನ್ನೊಂದು ಬಿಗಿಯಾಗುವುದು. ಹೀಗೆ ಒಂದಾದ ಮೇಲೊಂದು. ಬೀಗ ಮಾಡಿದವನ ಕೈಯಲ್ಲಿ ಎಲ್ಲಿಯೂ ಕೂದಲೆಳೆಯ ತಪ್ಪಿಲ್ಲದಿದ್ದಿದ್ದರೆ ಈ ವಿದ್ಯೆಯೇ ಹುಟ್ಟುತ್ತಿರಲಿಲ್ಲ. ಅಂತಹ ಕೈ ಭೂಮಿಯ ಮೇಲಿಲ್ಲ.

ಇದನ್ನು ಓದಿ ತಿಳಿದುಕೊಳ್ಳುವುದಕ್ಕೆ ಒಂದು ಗಳಿಗೆ ಸಾಕು. ಬೆರಳಿಗೆ ತಿಳಿಸುವುದಕ್ಕೆ ವಾರಗಳು ಬೇಕಾದಾವು. ಹೊಸಬನು ಮಾಡುವ ಮೊದಲ ತಪ್ಪು ಬಲಪ್ರಯೋಗ. ಬೀಗವನ್ನು ಶತ್ರುವೆಂದು ಭಾವಿಸಿ ಪಟ್ಟಿಯನ್ನು ಬಲವಾಗಿ ತಿರುಚುವನು. ಆಗ ಎಲ್ಲ ಮೊಳೆಗಳೂ ಬಿಗಿದು ನಿಂತು ಯಾವುದೂ ಏಳುವುದಿಲ್ಲ. ವೀಣೆಯ ತಂತಿಯ ಮೇಲೆ ಬೆರಳಿಡುವಷ್ಟು ಒತ್ತಡವು ಸಾಕೆಂದು ಬಲ್ಲವರು ಹೇಳಿಕೊಡುವರು. ಐದು ಮೊಳೆಗಳಲ್ಲಿ ನಾಲ್ಕನ್ನು ತೆಗೆದುಹಾಕಿ ಒಂದೇ ಮೊಳೆಯ ಬೀಗದಿಂದ ಆರಂಭಿಸುವುದು ಒಳ್ಳೆಯ ಕ್ರಮ. ಅದು ಕೈಗೆ ಹತ್ತಿದ ಮೇಲೆ ಎರಡು, ಆಮೇಲೆ ಮೂರು. ಒಳಗೆಲ್ಲ ಕಾಣುವಂತೆ ಪಾರದರ್ಶಕವಾಗಿ ಮಾಡಿದ ಬೀಗಗಳೂ ಮಾರಾಟಕ್ಕುಂಟು. ಆದರೆ ಅವುಗಳಿಂದ ಕಣ್ಣು ಕಲಿಯುವುದೇ ಹೊರತು ಬೆರಳು ಕಲಿಯುವುದಿಲ್ಲ. ಕೊನೆಗೊಂದು ದಿನ, ಬಹುಶಃ ಇನ್ನಾರೊಡನೆಯೋ ಮಾತಾಡುತ್ತ ಬೀಗವನ್ನು ಮರೆತಿರುವ ಹೊತ್ತಿನಲ್ಲಿ, ಉರುಳೆಯು ಥಟ್ಟನೆ ತಿರುಗಿಬಿಡುವುದು. ಆ ಸಂತೋಷವು ಸೈಕಲ್ಲಿನ ಮೇಲೆ ಮೊದಲ ಬಾರಿಗೆ ಬೀಳದೆ ಹೋದವನ ಸಂತೋಷದಂತಹುದು.

ಕರ್ಣಾಟಕದ ಹುಡುಗನಿಗೆ ಇನ್ನೊಂದು ತೊಡಕುಂಟು. ಆಲಿಗಢದಿಂದಲೂ ದಿಂಡುಗಲ್ಲಿನಿಂದಲೂ ಬಂದು ಇಲ್ಲಿಯ ಉಗ್ರಾಣಗಳಲ್ಲಿಯೂ ಅಂಗಡಿಗಳಲ್ಲಿಯೂ ತೂಗುವ ದಪ್ಪ ಬೀಗಗಳು ಬಹುಮಟ್ಟಿಗೆ ಲಿವರಿನವು. ಅವುಗಳಲ್ಲಿ ಮೊಳೆಗಳ ಬದಲು, ಒಂದರ ಮೇಲೊಂದು ಹೇರಿದ ತೆಳುವಾದ ತಗಡುಗಳಿರುವುವು. ಪ್ರತಿಯೊಂದನ್ನೂ ತಕ್ಕಷ್ಟು ಎತ್ತಿದಾಗ ಅವುಗಳ ಕಚ್ಚುಗಳೆಲ್ಲ ಒಂದೇ ಸಾಲಿಗೆ ಬಂದು ಅಗಣಿಗೆ ದಾರಿ ಬಿಡುವುವು. ತತ್ತ್ವವೊಂದೇ ಆದರೂ ಸ್ಪ್ರಿಂಗುಗಳು ಬಿರುಸು, ಕಿಂಡಿಯು ಆಳ. ಯೇಲನ ಬೀಗಕ್ಕೆ ಮಾಡಿದ ನಯವಾದ ಕಡ್ಡಿಯು ಅಲ್ಲಿ ಬಾಗಿ ಹೋಗುವುದು. ಬೊಂಬಾಯಿಯಲ್ಲಿ ವಕೀಲಿಯನ್ನು ಬಿಟ್ಟು ಬಂದ ಅರ್ದೇಶಿರ್ ಗೋದ್ರೇಜರು 1897ರಲ್ಲಿ ಬೀಗದ ಕೆಲಸವನ್ನು ಆರಂಭಿಸಿದಂದಿನಿಂದ ಸ್ವದೇಶಿ ಬೀಗಗಳ ಅಚ್ಚುಕಟ್ಟೂ ಹೆಚ್ಚುತ್ತ ಬಂದಿತು. ಹವ್ಯಾಸಿಗೆ ಅದು ಸಂತೋಷದ ವಿಷಯವೇ. ಸುಲಭವಾದ ಬೀಗದಲ್ಲಿ ಆಟವೆಲ್ಲಿಯದು?

ಇಷ್ಟರವರೆಗೆ ಎಲ್ಲವೂ ಸರಿ. ಆದರೆ ಮೊದಲ ಬೀಗವನ್ನು ತೆರೆದ ರಾತ್ರಿ ಆ ಹುಡುಗನು ಎದ್ದುಹೋಗಿ ಮನೆಯ ತಲೆಬಾಗಿಲ ಬೀಗವನ್ನು ಒಮ್ಮೆ ನೋಡಿಬರುವನು. ಅಂದಿನವರೆಗೂ ಅದು ಗೋಡೆಯ ಒಂದು ಭಾಗವಾಗಿದ್ದಿತು. ಇನ್ನು ಮೇಲೆ ಅದು ಐದು ಮೊಳೆಗಳು. ಈ ಸಂಗತಿಯನ್ನು ತಂದೆಗೆ ಹೇಳಬೇಕೆ, ಬೇಡವೇ? ಹೇಳಿದರೆ, ಬೀಗವನ್ನು ಬದಲಾಯಿಸುವ ಮೊದಲು ತಂದೆಯು ಕಡ್ಡಿಯನ್ನು ಕಿತ್ತುಕೊಳ್ಳುವುದೇ ಹೆಚ್ಚು ಸಂಭವ. ನೆರೆಮನೆಯಲ್ಲಿ ಒಂದು ಲೋಟ ಕಾಣೆಯಾದರೂ ಜನರ ಕಣ್ಣು ಅವನ ಕಡೆಗೆ ತಿರುಗೀತು. ಕಾನೂನು ಈ ವಿಷಯದಲ್ಲಿ ನೆರೆಯವರಿಗಿಂತ ಉದಾರವಾದುದು. ಮುಚ್ಚಿದ ಪೆಟ್ಟಿಗೆಯನ್ನು ಒಡೆದು ತೆರೆಯುವ ಅಪರಾಧವನ್ನು ಹೇಳುವಾಗ 1860ರ ದಂಡಸಂಹಿತೆಯೂ, 2024ರಲ್ಲಿ ಅದರ ಸ್ಥಾನಕ್ಕೆ ಬಂದ ನ್ಯಾಯಸಂಹಿತೆಯೂ ಅಪ್ರಾಮಾಣಿಕವಾದ ಅಥವಾ ಕೇಡಿನ ಉದ್ದೇಶವಿರಬೇಕೆಂದು ವಿಧಿಸಿವೆ. ಆದರೆ ಉದ್ದೇಶವನ್ನು ಕಡ್ಡಿಯ ಮೇಲೆ ಬರೆದುಕೊಂಡು ತಿರುಗಲಾಗುವುದಿಲ್ಲವಲ್ಲ!

ಇದೇ ಪ್ರಶ್ನೆಯು ಒಮ್ಮೆ ಲಂಡನ್ ನಗರವನ್ನೇ ಕಲಕಿದ್ದಿತು. 1851ರಲ್ಲಿ ಅಲ್ಲಿ ನಡೆದ ಮಹಾಪ್ರದರ್ಶನಕ್ಕೆ ಅಮೆರಿಕದಿಂದ ಬೀಗಗಳನ್ನು ಮಾರಲು ಬಂದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬವನು, ಇಂಗ್ಲೆಂಡಿನ ಅತಿ ಪ್ರಸಿದ್ಧವಾದ ಎರಡು ಬೀಗಗಳನ್ನೂ ತಾನು ತೆರೆಯಬಲ್ಲೆನೆಂದು ಸಾರಿದನು. ಮೊದಲನೆಯದು ಚಬ್ಬನ ಬೀಗ. ಯಾರಾದರೂ ಕಳ್ಳಕೈ ಹಾಕಿ ತಗಡನ್ನು ಅಗತ್ಯಕ್ಕಿಂತ ಹೆಚ್ಚು ಎತ್ತಿದರೆ ಅದು ಅಲ್ಲಿಯೇ ಸಿಕ್ಕಿಕೊಂಡು, ಒಡೆಯನಿಗೆ ಸುಳಿವು ಕೊಡುತ್ತಿದ್ದಿತು. ಹಾಬ್ಸನು ಆ ಕಾವಲುಗಾರನಿಂದಲೇ ಗುಟ್ಟನ್ನು ಹೊರಡಿಸಿದನು. ಎಲ್ಲಿ ಸಿಕ್ಕಿಕೊಳ್ಳುತ್ತದೆಂಬುದೇ ಎಷ್ಟು ಎತ್ತಬೇಕೆಂಬುದನ್ನು ಅವನಿಗೆ ಹೇಳಿಕೊಟ್ಟಿತು. ಸಾಕ್ಷಿಗಳ ಎದುರಿಗೆ ಇಪ್ಪತ್ತೈದು ನಿಮಿಷಗಳಲ್ಲಿ ಬೀಗವು ತೆರೆಯಿತು. ಎರಡನೆಯದು ಬ್ರಾಮಾನ ಬೀಗ. ಇದನ್ನು ತೆರೆದವರಿಗೆ ಇನ್ನೂರು ಗಿನಿ ಬಹುಮಾನವೆಂಬ ಬರಹದೊಡನೆ ಅದು ಪಿಕಡಿಲಿಯ ಅಂಗಡಿಯ ಕಿಟಕಿಯಲ್ಲಿ ದಶಕಗಳಿಂದ ಕುಳಿತಿದ್ದಿತು. ಅದರೊಳಗೆ ಹದಿನೆಂಟು ಜಾರುಪಟ್ಟಿಗಳು. ಹದಿನಾರು ದಿನಗಳ ಅವಧಿಯಲ್ಲಿ ಒಟ್ಟು ಐವತ್ತೊಂದು ಗಂಟೆ ಶ್ರಮಿಸಿ ಹಾಬ್ಸನು ಅದನ್ನೂ ತೆರೆದನು.

ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ಐವತ್ತೊಂದು ಗಂಟೆ ಯಾವ ಕಳ್ಳನಿಗೆ ಸಿಕ್ಕೀತೆಂದು ಕೆಲವರು ಕೇಳಿದರು. ಆ ಮಾತು ಸುಳ್ಳಲ್ಲ. ಇಂತಹ ವಿಷಯಗಳನ್ನು ಬಹಿರಂಗವಾಗಿ ಚರ್ಚಿಸುವುದೇ ಅಪಾಯವೆಂದು ಮತ್ತೆ ಕೆಲವರು ಹೇಳಿದರು. 1853ರಲ್ಲಿ ಚಾರ್ಲ್ಸ್ ಟಾಮ್ಲಿನ್‌ಸನ್ನನ ಸಂಪಾದಕತ್ವದಲ್ಲಿ ಹೊರಬಂದ ಹಾಬ್ಸನ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆ. ಅದರ ಸಾರಾಂಶವಿಷ್ಟು: ಕಳ್ಳರು ತಮ್ಮ ವೃತ್ತಿಯಲ್ಲಿ ನಿಪುಣರು, ಅವರಿಗೆ ಹೊಸದಾಗಿ ಕಲಿಸಬೇಕಾದುದೇನೂ ಇಲ್ಲ, ಬೀಗದ ದೋಷವನ್ನು ಅರಿಯದೆ ಇರುವವನು ಅದನ್ನು ನಂಬಿ ಮಲಗುವ ಗೃಹಸ್ಥನೊಬ್ಬನೇ. ಹಾಬ್ಸನು ಬೀಗ ಮಾರುವವನಾಗಿದ್ದನು, ಇಂಗ್ಲಿಷ್ ಬೀಗಗಳ ಮಾನಭಂಗದಿಂದ ಅವನಿಗೆ ಲಾಭವಿದ್ದಿತು ಎಂಬುದನ್ನು ಮರೆಯಬಾರದು. ಅದಾಗ್ಯೂ ಅವನ ವಾದದಲ್ಲಿ ಹುರುಳಿದೆ. ಆ ಸೋಲಿನ ಅನಂತರವೇ ಅಲ್ಲವೇ ಬೀಗ ಮಾಡುವವರು ತಮ್ಮ ಹಳೆಯ ಹೆಮ್ಮೆಯನ್ನು ಬಿಟ್ಟು ಅರವನ್ನು ಕೈಗೆ ತೆಗೆದುಕೊಂಡುದು!

ಹವ್ಯಾಸಿಗಳು ಗುಟ್ಟಾಗಿ ಕಲಿಯುವ ಬದಲು ಕೂಡಿ ಕಲಿಯಲು ಆರಂಭಿಸಿದುದು ಬಹು ಈಚೆಗೆ. 1991ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಲಯದ ಹೆಸರಿನಲ್ಲಿ, ಕರ್ತೃವಿನ ನಿಜವಾದ ಹೆಸರಿಲ್ಲದೆ, ಈ ವಿದ್ಯೆಯ ಕೈಪಿಡಿಯೊಂದು ಪ್ರಚಾರಕ್ಕೆ ಬಂದಿತು. ಅನೇಕರಿಗೆ ಅದೇ ಮೊದಲ ಗುರು. 1997ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಬೀಗ ತೆರೆಯುವುದನ್ನು ಕ್ರೀಡೆಯೆಂದು ಭಾವಿಸಿದವರ ಸಂಘವು ಸ್ಥಾಪಿತವಾಯಿತು. ಹಾಲೆಂಡಿನಲ್ಲಿಯೂ, ಅಲ್ಲಿಂದ ಮುಂದೆ ಅಮೆರಿಕದಲ್ಲಿಯೂ ಇಂತಹ ಕೂಟಗಳು ಬೆಳೆದುವು. ಮೇಜಿನ ಸುತ್ತ ವಕೀಲನೂ, ವಿದ್ಯಾರ್ಥಿಯೂ, ಗಡಿಯಾರ ರಿಪೇರಿಯವನೂ ಒಟ್ಟಿಗೆ ಕುಳಿತು ಬೀಗಗಳನ್ನು ಕೈಯಿಂದ ಕೈಗೆ ದಾಟಿಸುವರು. ಗಡಿಯಾರವನ್ನಿಟ್ಟು ಸ್ಪರ್ಧೆಗಳನ್ನು ನಡೆಸುವರು. ಹೊಸಬನಿಗೆ ಕಡ್ಡಿಯನ್ನು ಕೊಡುವ ಮೊದಲು ಎರಡು ನಿಯಮಗಳನ್ನು ಹೇಳುವರು: ತನ್ನದಲ್ಲದ ಬೀಗವನ್ನು ಒಡೆಯನ ಒಪ್ಪಿಗೆಯಿಲ್ಲದೆ ಮುಟ್ಟಬಾರದು, ತನ್ನದೇ ಆದರೂ ಬಳಕೆಯಲ್ಲಿರುವ ಬೀಗವನ್ನು ತೆರೆಯಲು ಹೋಗಬಾರದು. ಎರಡನೆಯದಕ್ಕೆ ಕಾರಣವು ಬೇರೆ. ಮೊಳೆಯೊಂದು ಕೆಟ್ಟು ನಿಂತರೆ ಮನೆಯವರೆಲ್ಲ ರಾತ್ರಿ ಜಗಲಿಯ ಮೇಲೆ ಮಲಗಬೇಕಾದೀತು.

ಈ ಸಂಘಗಳು ಹುಟ್ಟುವುದಕ್ಕೆ ಅರ್ಧ ಶತಮಾನದ ಹಿಂದೆಯೇ, ನಿಯಮವನ್ನು ಹೇಳುವವರಿಲ್ಲದೆ ಈ ಹವ್ಯಾಸಕ್ಕೆ ಬಿದ್ದವನೊಬ್ಬನ ಕಥೆಯುಂಟು. ರಿಚರ್ಡ್ ಫೈನ್‌ಮನ್ನನು 1965ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಭೌತವಿಜ್ಞಾನಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಇನ್ನೂ ಇಪ್ಪತ್ತೈದರ ಆಸುಪಾಸಿನ ತರುಣನಾಗಿ, ನ್ಯೂ ಮೆಕ್ಸಿಕೋದ ಲಾಸ್ ಅಲಮೋಸಿನಲ್ಲಿ ಪರಮಾಣು ಬಾಂಬಿನ ಕೆಲಸದಲ್ಲಿದ್ದನು. ಲವಾಟೆಲ್ಲಿ ಎಂಬ ಸಹೋದ್ಯೋಗಿಯು ಅವನಿಗೆ ಯೇಲನ ಬೀಗವನ್ನು ತೆರೆಯುವುದನ್ನು ತೋರಿಸಿಕೊಟ್ಟನು. ಗುಡ್ಡದ ಮೇಲಿನ ಆ ಒಂಟಿ ಊರಿನಲ್ಲಿ ಸಂಜೆ ಕಳೆಯುವುದಕ್ಕೆ ಬೇರೇನಿದ್ದಿತು? ಬಾಂಬಿನ ರಹಸ್ಯಗಳೆಲ್ಲ ಸಾಮಾನ್ಯ ಬೀಗ ಹಾಕಿದ ಬೀರುಗಳಲ್ಲಿರುವುದನ್ನು ಕಂಡು, ಅವನು ಸಭೆಗಳಲ್ಲಿ ಎದ್ದು ನಿಂತು ಎಚ್ಚರಿಸತೊಡಗಿದನು. ಒಮ್ಮೆ ಎಡ್ವರ್ಡ್ ಟೆಲ್ಲರನು, ತನ್ನ ಕಾಗದಗಳು ಮೇಜಿನ ಸೆಳೆಖಾನೆಯಲ್ಲಿ ಭದ್ರವಾಗಿವೆಯೆಂದನು. ಸಭೆಯು ನಡೆಯುತ್ತಿರುವಾಗಲೇ ಫೈನ್‌ಮನ್ನನು ಎದ್ದುಹೋಗಿ, ಬೀಗದ ಗೋಜಿಗೇ ಹೋಗದೆ, ಮೇಜಿನ ಹಿಂಬದಿಯ ಸಂದಿನಿಂದ ಕಾಗದಗಳನ್ನು ಒಂದೊಂದಾಗಿ ಎಳೆದು ತೆಗೆದನು.

ಆಮೇಲೆ ಅಂಕೆಗಳ ಬೀಗವುಳ್ಳ ಹೊಸ ಬೀರುಗಳು ಬಂದುವು. ಮೂರು ಅಂಕೆಗಳು, ಒಂದೊಂದಕ್ಕೂ ನೂರು ಸ್ಥಾನಗಳು. ಎಂದರೆ ಹತ್ತು ಲಕ್ಷ ಬಗೆ. ಫೈನ್‌ಮನ್ನನು ತನ್ನ ಬೀರುವಿನ ಬೀಗವನ್ನೇ ಬಿಚ್ಚಿ ನೋಡಿ, ಅಂಕೆಯು ಎರಡು ಸ್ಥಾನ ಹೆಚ್ಚುಕಡಮೆಯಾದರೂ ಬೀಗವು ಒಪ್ಪಿಕೊಳ್ಳುವುದೆಂದು ಕಂಡುಕೊಂಡನು. ನೂರು ಸ್ಥಾನಗಳು ಇಪ್ಪತ್ತಾದುವು. ಹತ್ತು ಲಕ್ಷವು ಎಂಟು ಸಾವಿರವಾಯಿತು. ಬೀರು ತೆರೆದಿರುವಾಗ ಅದರ ತಿರುಗಣೆಯನ್ನು ಸುಮ್ಮನೆ ಆಡಿಸುತ್ತಿರುವವನಂತೆ ನಟಿಸಿದರೆ ಕೊನೆಯ ಎರಡು ಅಂಕೆಗಳು ತಿಳಿಯುತ್ತಿದ್ದುವು; ಉಳಿಯುತ್ತಿದ್ದುದು ಬರಿಯ ಇಪ್ಪತ್ತು ಪ್ರಯತ್ನ. ಮಾತಿನ ನಡುವೆ ಗೆಳೆಯರ ಬೀರುಗಳಿಗೆ ಒರಗಿ ನಿಂತು ಅವನು ಹಲವರ ಅಂಕೆಗಳನ್ನು ಸಂಗ್ರಹಿಸಿದನು.

ಓಕ್ ರಿಡ್ಜಿನ ಸೈನ್ಯಾಧಿಕಾರಿಯೊಬ್ಬನ ದೊಡ್ಡ ತಿಜೋರಿಯನ್ನು ಅವನೆದುರಿಗೇ ಹೀಗೆ ತೆರೆದು, ಕೆಲಸದ ಹೊತ್ತಿನಲ್ಲಿ ಬಾಗಿಲನ್ನು ತೆರೆದಿಡುವುದೇ ಅಪಾಯವೆಂದು ಬಿಡಿಸಿ ಹೇಳಿದನು. ಅಧಿಕಾರಿಯು ಎಲ್ಲವನ್ನೂ ಕೇಳಿದನು. ಮುಂದಿನ ಸಲ ಫೈನ್‌ಮನ್ನನು ಅಲ್ಲಿಗೆ ಹೋದಾಗ ಗುಮಾಸ್ತರು ಅವನನ್ನು ಒಳಗೆ ಬಿಡಲು ಹೆದರಿದರು. ಹಿಂದಿನ ಭೇಟಿಯಲ್ಲಿ ಈತನು ಯಾರ ಕೊಠಡಿಯಲ್ಲಿ ಸುಳಿದಿದ್ದನೋ ಅವರೆಲ್ಲರೂ ಅಂಕೆಗಳನ್ನು ಬದಲಾಯಿಸಬೇಕೆಂದು ಆಜ್ಞೆಯಾಗಿದ್ದಿತು. ಹೊಸ ಅಂಕೆಯನ್ನು ನೆನಪಿಡುವ ಕಷ್ಟಕ್ಕೆ ಕಾರಣನಾದವನೆಂದು ಎಲ್ಲರಿಗೂ ಅವನ ಮೇಲೆ ಸಿಟ್ಟು. ತಿಜೋರಿಗಳ ಬಾಗಿಲುಗಳು ಮೊದಲಿನಂತೆಯೇ ತೆರೆದಿದ್ದುವು.

ಯುದ್ಧವು ಮುಗಿದ ಮೇಲೆ ಒಂದು ಕಾಗದಕ್ಕಾಗಿ ಅವನು ಗೆಳೆಯ ಡಿ ಹಾಫ್‌ಮನ್ನನ ಕೊಠಡಿಗೆ ಹೋದನು. ಗೆಳೆಯನಿರಲಿಲ್ಲ, ಒಂಬತ್ತು ಬೀರುಗಳಿಗೂ ಬೀಗ ಹಾಕಿದ್ದಿತು. ಗಣಿತ ಬಲ್ಲವನು ಯಾವ ಅಂಕೆಯನ್ನು ಇಟ್ಟಾನೆಂದು ಯೋಚಿಸಿ, ಲಘುಗಣಕದ ಆಧಾರಸಂಖ್ಯೆಯಾದ 2.71828ನ್ನು 27-18-28 ಎಂದು ಮುರಿದು ತಿರುಗಿಸಲು ಬೀರು ತೆರೆಯಿತು. ಉಳಿದ ಬೀರುಗಳಿಗೂ ಅದೇ ಅಂಕೆ. ಅವನು ವಿನೋದಕ್ಕಾಗಿ ಮೂರು ಬೀರುಗಳಲ್ಲಿ ಒಂದೊಂದು ಚೀಟಿಯನ್ನಿಟ್ಟನು. ಅವುಗಳಲ್ಲಿ ಒಂದರಲ್ಲಿ ಮಾತ್ರ ತನ್ನ ಹೆಸರನ್ನು ಹಾಕಿದನು. ಗೆಳೆಯನ ಕೈಗೆ ಹೆಸರಿಲ್ಲದ ಚೀಟಿಯು ಮೊದಲು ಸಿಕ್ಕಿತು. ಬಾಂಬಿನ ರಹಸ್ಯವೆಲ್ಲ ಆ ಬೀರುಗಳಲ್ಲಿದ್ದಿತು. ಅವನ ಮುಖವು ಬಿಳುಪೇರಿ ಹೋದುದನ್ನು ಫೈನ್‌ಮನ್ನನು ಎದುರಿಗೇ ನಿಂತು ಕಂಡನು.

ಆ ದಿನಗಳಲ್ಲಿಯೇ, ಸೈನ್ಯದ ಅಧಿಕಾರಿಯೊಬ್ಬನು ಬಿಟ್ಟುಹೋದ ಭಾರಿ ತಿಜೋರಿಯನ್ನು ಅಲ್ಲಿಯ ಬೀಗದ ಕೆಲಸದವನು ಕೆಲವೇ ನಿಮಿಷಗಳಲ್ಲಿ ತೆರೆದನೆಂಬ ಸುದ್ದಿಯು ಫೈನ್‌ಮನ್ನನ ಕಿವಿಗೆ ಬಿದ್ದಿತು. ಇವನೇ ನಿಜವಾದ ಗುರುವೆಂದು ಅವನು ವಾರಗಟ್ಟಲೆ ಆತನ ಸ್ನೇಹವನ್ನು ಸಂಪಾದಿಸಿದನು. ಕೊನೆಗೆ ಕೇಳಿಯೂ ಬಿಟ್ಟನು. ಕೆಲಸದವನೋ ಫೈನ್‌ಮನ್ನನ ಕೀರ್ತಿಯನ್ನು ಕೇಳಿ, ಅವನಿಂದ ತಾನೇ ಕಲಿಯಬೇಕೆಂದು ಹಂಬಲಿಸುತ್ತಿದ್ದನು. ತನಗೆ ತಿಜೋರಿ ತೆರೆಯುವ ವಿದ್ಯೆ ತಿಳಿಯದೆಂದು ಅವನು ಒಪ್ಪಿಕೊಂಡನು. ಕಾರ್ಖಾನೆಯಿಂದ ಬರುವಾಗ ಇಂತಹ ಬೀಗಗಳಿಗೆ 25-0-25 ಅಥವಾ 50-25-50 ಎಂಬ ಅಂಕೆಯಿಟ್ಟಿರುವುದನ್ನು ಮಾತ್ರ ಅವನು ಬಲ್ಲನು. ಅಧಿಕಾರಿಯು ಅದನ್ನು ಬದಲಾಯಿಸುವ ಗೋಜಿಗೇ ಹೋಗಿರಲಿಲ್ಲ. ಫೈನ್‌ಮನ್ನನು ಆ ಎರಡು ಅಂಕೆಗಳನ್ನು ನೆನಪಿನಲ್ಲಿಟ್ಟುಕೊಂಡು ಕಟ್ಟಡದ ಕೊಠಡಿ ಕೊಠಡಿಗೂ ಹೋಗಿ ತಿರುಗಿಸಿ ನೋಡಿದನು. ಐದರಲ್ಲಿ ಒಂದು ತಿಜೋರಿ ತೆರೆಯಿತು.